ಡಾಕ್ಟರು ಹೇಳಿದ ಕ್ಲೈಮ್ಯಾಕ್ಸ್

ಹಲ್ಲಿನ ಡಾಕ್ಟರಿಗೆ ಸಿನಿಮಾದ ಹುಚ್ಚು. ವಾರಕ್ಕೆ ಮೂರು ಸಿನಿಮಾ ನೋಡುತ್ತಿದ್ದರು. ಅವುಗಳ ಬಗ್ಗೆ ಅಭಿಪ್ರಾಯ ಮಾತ್ರ ಮೂವತ್ತು. ಮನೆಯಲ್ಲಿ ಅವರು ಬಾಯಿ ತೆರೆದ ಕೂಡಲೇ ಹೆಂಡತಿ ಮಿಕ್ಸಿ ಹಾಕುತ್ತಿದ್ದಳು. ಹಾಗಾಗಿ ಅಭಿಪ್ರಾಯಗಳನ್ನೆಲ್ಲ ಅವರು ಕ್ಲಿನಿಕ್ಕಿಗೇ ತರುತ್ತಿದ್ದರು. ಅಲ್ಲಿ ಕುರ್ಚಿಯಲ್ಲಿ ಮಲಗಿದವರ ಬಾಯಿ ಗಂಟೆಗಟ್ಟಲೆ ತೆರೆದಿರುತ್ತದೆ, ಎದುರುಮಾತು ಮಾತ್ರ ಬರುವುದಿಲ್ಲ. ಇಂಥ ಕೇಳುಗರು ಬೇರೆ ಯಾವ ಕಸುಬಿನವರಿಗೆ ಸಿಗುತ್ತಾರೆ?

ಆ ದಿನ ಬೆಳಿಗ್ಗೆ ಕುರ್ಚಿಯಲ್ಲಿದ್ದವರು ನಿವೃತ್ತ ಲೆಕ್ಕದ ಮೇಷ್ಟ್ರು. ಎಡಗಡೆಯ ದವಡೆ ಹಲ್ಲಿಗೆ ರೂಟ್ ಕೆನಾಲ್. ಇಂಜೆಕ್ಷನ್ ಕೊಟ್ಟು, ಕೆನ್ನೆಯೊಳಗೆ ಹತ್ತಿ ತುರುಕಿ, ಡಾಕ್ಟರು ಡ್ರಿಲ್ ಹಿಡಿದರು. ಡ್ರಿಲ್ಲಿನ ಜೊತೆಗೇ ಬಾಯಿಯೂ ಶುರುವಾಯಿತು.

"ಹೋದ ವಾರ ಒಂದು ಅಂತರಿಕ್ಷದ ಸಿನಿಮಾ ನೋಡ್ದೆ ಮೇಷ್ಟ್ರೇ. ಹೀರೋ ಆರು ತಿಂಗಳು ರಾಕೆಟ್ಟಲ್ಲಿ ಇರ್ತಾನೆ. ಒಂದು ದಿನ, ಒಂದೇ ಒಂದು ದಿನ ಹಲ್ಲುಜ್ಜಿದ್ದು ತೋರಿಸಲಿಲ್ಲ! ವಾಪಸ್ ಬಂದು ಹೀರೋಯಿನ್ ಹತ್ರ ಹೋಗಿ ಉಸ್ ಅಂತಾನೆ. ಅವಳು ನಗ್ತಾಳೆ. ಇದನ್ನ ನಂಬೋದು ಹೇಗೆ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಸೋಮವಾರ ದೆವ್ವದ ಸಿನಿಮಾ. ನೂರು ವರ್ಷದ ಹಿಂದೆ ಸತ್ತೋಳಂತೆ. ನಕ್ಕರೆ ಮೂವತ್ತೆರಡೂ ಹಲ್ಲು ಮುತ್ತಿನ ಹಾಗೆ! ನಂಗೆ ಹೆದರಿಕೆ ಆಗೋ ಬದಲು ಹೊಟ್ಟೆಕಿಚ್ಚಾಯ್ತು. ಆದರೆ ನಿನ್ನೆ ನೋಡಿದ್ನಲ್ಲ, ಆ ಕೊಲೆ ಸಿನಿಮಾ... ಅದು ಸಿನಿಮಾ ಅಂದ್ರೆ!"

ಮೇಷ್ಟ್ರು ಪಟ್ಟನೆ ಕಣ್ಣು ತೆರೆದರು. "ಆಁ! ಆಁ!" ಎಂದು ಕೈ ಬೀಸಿದರು.

"ನೋಡಿ, ನಿಮಗೂ ಕುತೂಹಲ! ಹೇಳ್ತೀನಿ ತಾಳಿ. ಕೊಲೆ ಮಾಡಿದ್ದು ತಮ್ಮ ಅಲ್ಲ, ವಕೀಲ ಅಲ್ಲ..."

"ಆಁಆಁ!" ಮೇಷ್ಟ್ರು ಕುರ್ಚಿಯ ಕೈ ಕುಟ್ಟಿದರು.

"ತೋಟದ ಮಾಲಿ!" ಎಂದರು ಡಾಕ್ಟರು, ಹುಳುಕು ಹಲ್ಲನ್ನು ಕಿತ್ತು ಹಿಡಿದು ತೋರಿಸಿದಷ್ಟು ಹೆಮ್ಮೆಯಿಂದ.

ಮೇಷ್ಟ್ರು ಸ್ಪ್ರಿಂಗಿನಂತೆ ಎದ್ದರು. ಅದೇ ಸಿನಿಮಾಕ್ಕೆ ಅಂದು ಸಂಜೆ ಹೆಂಡತಿಯ ಜೊತೆ ಹೋಗುವವರಿದ್ದರು ಅವರು. ಮೂರು ವರ್ಷದ ನಂತರ ಇಬ್ಬರೂ ಥಿಯೇಟರಿಗೆ ಹೊರಟಿದ್ದರು. "ಇಂಟರ್ವಲ್ ಒಳಗೆ ಕೊಲೆಗಾರ ಯಾರು ಅಂತ ಹೇಳದಿದ್ರೆ ನಾನು ಲೆಕ್ಕದ ಮೇಷ್ಟ್ರೇ ಅಲ್ಲ" ಎಂದು ಹೆಂಡತಿಗೆ ಸವಾಲು ಬೇರೆ ಹಾಕಿದ್ದರು. ಕತ್ತಿನ ಬಟ್ಟೆ ಕಿತ್ತೆಸೆದು ಹೊರಗಿನ ಕೋಣೆಗೆ ನುಗ್ಗಿದರು. ಅಲ್ಲಿ ಕಾಯುತ್ತಿದ್ದವರಿಗೆ, 'ಡಾಕ್ಟ್ರು ಕೊಲೆಗಾರ ಯಾರು ಅಂತ ಹೇಳಿ ನನ್ನ ಸಂಜೆನೇ ಸಾಯಿಸಿಬಿಟ್ರು' ಎಂದು ದೂರು ಹೇಳುವುದು ಅವರ ಉದ್ದೇಶ. ಆದರೆ ಅರ್ಧ ನಾಲಗೆಗೆ ಜೋಮು, ಅರ್ಧ ಬಾಯಿಗೆ ಹತ್ತಿ.

"ದಾತ್ತು... ಕೊಲೆಗಾಲ... ಯಾಉ ಅಂಅ... ಸಾಯಿಸಿಬಿತ್ತು!" ಎಂದು ಕೂಗಿ, ಬಾಗಿಲು ದಡಾರನೆ ಹಾಕಿ ಹೊರಟೇಹೋದರು.

ಕಾಯುತ್ತಿದ್ದವರಲ್ಲಿ ಕೆಳಗಿನ ಅಂಗಡಿಯ ಟೈಲರ್ ಇದ್ದ, ಬನ್ನಿನಂತೆ ಊದಿದ ಕೆನ್ನೆಯೊಂದಿಗೆ. ಅವನಿಗೆ ಅರ್ಥವಾದದ್ದು 'ಡಾಕ್ಟ್ರು', 'ಕೊಲೆಗಾರ', 'ಸಾಯಿಸಿಬಿಟ್ರು'. ಉಳಿದದ್ದನ್ನು ಹೊಲಿಗೆ ಹಾಕಿಕೊಳ್ಳಲು ಅವನಿಗೆ ಮೆಟ್ಟಿಲಿಳಿಯುವಷ್ಟು ಸಮಯ ಸಾಕಾಯಿತು.

ಹನ್ನೊಂದು ಗಂಟೆಗೆ ಕಟ್ಟಡದ ಕೆಳಗಿನ ಅಂಗಡಿಗಳಲ್ಲಿ, ಡಾಕ್ಟರ ಇಂಜೆಕ್ಷನ್ನಿಗೆ ಒಬ್ಬರು ಸತ್ತಿದ್ದರು. ಹನ್ನೊಂದೂವರೆಗೆ ಇಬ್ಬರು. ಹನ್ನೆರಡಕ್ಕೆ ಜೆರಾಕ್ಸ್ ಅಂಗಡಿಯವನು, ಹಿಂದಿನ ಬಾಗಿಲಿನಿಂದ ದೊಡ್ಡದೊಂದು ಚೀಲ ಹೊರಗೆ ಹೋದದ್ದನ್ನು ತಾನೇ ನೋಡಿದ್ದಾಗಿ ಹೇಳಿದ. ಅದು ಲಾಂಡ್ರಿಯ ಬಟ್ಟೆ.

ಕ್ಲಿನಿಕ್ಕಿನ ಫೋನು, ಅಪಾಯಿಂಟ್‌ಮೆಂಟ್ ಎರಡನ್ನೂ ನೋಡಿಕೊಳ್ಳುತ್ತಿದ್ದವಳು ಡಾಕ್ಟರ ಸ್ವಂತ ಅಕ್ಕ. ಒಂದರ ಹಿಂದೊಂದು ಫೋನ್ ಬಂದು ಇಡೀ ದಿನದ ಪೇಷಂಟುಗಳು ಉದುರಿಹೋದ ಮೇಲೆ ಅವಳು ಒಳಗೆ ಬಂದಳು.

"ಲೋ, ನೀನು ಯಾರನ್ನಾದ್ರೂ ಕೊಂದ್ಯೇನೋ?"

"ಏನಕ್ಕಾ ಇದು!"

"ಇಲ್ಲ ಅಂದ್ರೆ ಇಲ್ಲ ಅನ್ನು. ಫೋನಲ್ಲಿ ಏನು ಹೇಳ್ಬೇಕು ಅಂತ ನಂಗೆ ಗೊತ್ತಾಗ್ಬೇಕಲ್ಲ."

ಅಷ್ಟರಲ್ಲಿ ಕಾನ್‌ಸ್ಟೇಬಲ್ ಬಂದ. ಅವನ ಹಿಂದೆ ಟೈಲರ್, ಟೈಲರ್ ಹಿಂದೆ ಮೆಟ್ಟಿಲ ತುಂಬ ಜನ.

"ಇಲ್ಲೊಂದು ಕೊಲೆ ಆಗಿದೆಯಂತೆ ಸಾರ್" ಎಂದ ಕಾನ್‌ಸ್ಟೇಬಲ್, ನಲ್ಲಿ ಸೋರುತ್ತಿದೆಯಂತೆ ಎನ್ನುವ ದನಿಯಲ್ಲಿ.

"ಆಗಿದ್ದು ಸಿನಿಮಾದಲ್ಲಿ ಕಣಪ್ಪಾ! ಮೇಷ್ಟ್ರಿಗೆ ಬರೀ ಕತೆ ಹೇಳ್ತಿದ್ದೆ."

"ಹಾಗಾದ್ರೆ ನಂಗೂ ಹೇಳಿ. ಯಾರು ಮಾಡಿದ್ದು ಕೊಲೆ?"

ಡಾಕ್ಟರು ಬಾಯಿ ತೆರೆದರು. ಮೆಟ್ಟಿಲ ಮೇಲಿಂದ ಒಮ್ಮೆಗೇ ಕೂಗೆದ್ದಿತು. "ಹೇಳ್ಬೇಡಿ! ಹೇಳ್ಬೇಡಿ! ನಾವಿನ್ನೂ ನೋಡಿಲ್ಲ!" ಡಾಕ್ಟರೇ ಕೊಲೆಗಾರರೆಂದು ನೋಡಲು ಬಂದಾಗಲೂ ಆ ಜನಕ್ಕೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಬೇರೆ ದಾರಿಯಿಲ್ಲದೆ ಡಾಕ್ಟರು ಕಾನ್‌ಸ್ಟೇಬಲ್‌ನ ಕಿವಿಯಲ್ಲಿ ಪಿಸುಗುಟ್ಟಿದರು. ಅವನ ಮುಖ ಗಾಳಿ ಹೋದ ಟಯರಿನಂತಾಯಿತು.

"ಭಾನುವಾರ ನಾನು ಹೋಗೋನಿದ್ದೆ ಸಾರ್" ಎಂದ ನೊಂದು.

"ಕಿವೀಲಿ ಒಪ್ಕೊಂಡ್ರು!" ಎಂದು ಟೈಲರ್ ಕೆಳಗಿನವರಿಗೆ ಕೂಗಿ ಹೇಳಿದ. ಸುದ್ದಿ ಮತ್ತೆ ಬೀದಿಗಿಳಿಯಿತು.

ಕೊನೆಗೆ ಅಕ್ಕನೇ ಹೋಗಿ ಮೇಷ್ಟ್ರನ್ನು ಅವರ ಮನೆಯಿಂದ ಕರೆತಂದಳು. ಜೋಮು ಇಳಿದಿತ್ತು, ಕೋಪ ಇಳಿದಿರಲಿಲ್ಲ. ಎಲ್ಲರೆದುರು ನಿಂತು, ಬಿಡಿಸಿ ಬಿಡಿಸಿ ನಡೆದದ್ದನ್ನು ಹೇಳಿದರು. ಕೇಳಿದ ಕಾನ್‌ಸ್ಟೇಬಲ್ ಟೋಪಿ ಸರಿಮಾಡಿಕೊಂಡು ಹೊರಟುಹೋದ. ಮೇಷ್ಟ್ರು ಮಾತ್ರ ಹೋಗಲಿಲ್ಲ.

"ಕೊಲೆ ಕೇಸಿಂದ ನಿಮ್ಮನ್ನ ಬಿಡಿಸಿದ್ದೀನಿ ಡಾಕ್ಟ್ರೇ. ಆದರೆ ನನ್ನ ಹಲ್ಲನ್ನ ಇನ್ನು ನೀವು ಮುಟ್ಟೋ ಹಾಗಿಲ್ಲ. ನಾನು ಪಾಠ ಹೇಳಿಕೊಟ್ಟೋರು ಯಾರೂ ಇಲ್ಲಿಗೆ ಕಾಲಿಡೋ ಹಾಗಿಲ್ಲ."

ಆ ಸುತ್ತಿನ ಬೀದಿಗಳಲ್ಲಿ ಅವರ ಕೈಯಲ್ಲಿ ಮಗ್ಗಿ ಕಲಿಯದವರು ಯಾರೂ ಇರಲಿಲ್ಲ. ಅಕ್ಕ ಮಧ್ಯೆ ಬಂದಳು.

"ಮೇಷ್ಟ್ರೇ, ಇವತ್ತು ಇವನೂ ನಿಮ್ಮ ಜೊತೆ ಸಿನಿಮಾಕ್ಕೆ ಬರ್ತಾನೆ. ಪಕ್ಕದಲ್ಲೇ ಕೂತು ಮೂರು ಗಂಟೆ ಬಾಯಿ ಮುಚ್ಕೊಂಡಿರ್ತಾನೆ. ಅದಕ್ಕಿಂತ ದೊಡ್ಡ ಶಿಕ್ಷೆ ಇವನಿಗಿಲ್ಲ."

ಮೇಷ್ಟ್ರಿಗೆ ಇದು ನ್ಯಾಯವೆನಿಸಿತು. ಸುದ್ದಿ ಕೇಳಿದ ಅರ್ಧ ಕಟ್ಟಡವೇ ಆರು ಗಂಟೆಯ ಆಟಕ್ಕೆ ಹೊರಟಿತು. ಇಷ್ಟೆಲ್ಲ ಗಲಾಟೆ ಮಾಡಿದ ಸಿನಿಮಾ ಅದ್ಯಾವುದು ನೋಡಿಯೇಬಿಡೋಣ ಎಂದು.

ಥಿಯೇಟರಿನಲ್ಲಿ ಡಾಕ್ಟರು ತುಟಿ ಕಚ್ಚಿಕೊಂಡು ಕುಳಿತರು. ಪಕ್ಕದಲ್ಲಿ ಮೇಷ್ಟ್ರು, ಅವರಾಚೆ ಅವರ ಹೆಂಡತಿ. ತೆರೆಯ ಮೇಲೆ ಮಾಲಿ ಬಂದಾಗಲೆಲ್ಲ ಮೇಷ್ಟ್ರು ದೊಡ್ಡದಾಗಿ ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರು ಡಾಕ್ಟರ ಎದೆಗೆ ಡ್ರಿಲ್ಲಿನಂತೆ ಇಳಿಯುತ್ತಿತ್ತು. ಕೊನೆಗೂ ಪೊಲೀಸರು ಮಾಲಿಯ ಕೈಗೆ ಬೇಡಿ ಹಾಕಿದರು. ಡಾಕ್ಟರು ಅಭ್ಯಾಸಬಲದಿಂದ ಎದ್ದು ನಿಂತರು.

"ಎಲ್ಲಿಗೆ?" ಮೇಷ್ಟ್ರು ಅವರ ಅಂಗಿ ಹಿಡಿದೆಳೆದರು.

"ಮುಗೀತಲ್ಲ ಮೇಷ್ಟ್ರೇ. ಈಗಲೇ ಹೊರಟ್ರೆ ಸ್ಟ್ಯಾಂಡಿಂದ ಸ್ಕೂಟರ್ ಸುಲಭವಾಗಿ ತೆಗೀಬಹುದು. ನಾನು ಯಾವಾಗಲೂ..."

"ಇನ್ನೂ ಹತ್ತು ನಿಮಿಷ ಇದೆ. ಕೂತ್ಕೊಳ್ಳಿ!"

ಡಾಕ್ಟರು ಕೂತರು. ಜೀವಮಾನದಲ್ಲೇ ಮೊದಲ ಸಲ ಒಂದು ಸಿನಿಮಾದ ಕೊನೆಯ ಹತ್ತು ನಿಮಿಷ ಅವರ ಕಣ್ಣೆದುರು ನಡೆಯತೊಡಗಿತು. ತೆರೆಯ ಮೇಲೆ ಇನ್ಸ್‌ಪೆಕ್ಟರ್, "ನಿಲ್ಲಿ, ಮಾಲಿ ನಿರಪರಾಧಿ!" ಎಂದ.

ಮೇಷ್ಟ್ರು ಡಾಕ್ಟರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಡಾಕ್ಟ್ರೇ, ನೀವು ಬೇಕಂತಲೇ ಸುಳ್ಳು ಹೇಳಿದ್ರಾ? ನನ್ನ ಖುಷಿ ಕೆಡಬಾರದು ಅಂತ? ಅದಕ್ಕೋಸ್ಕರ ಇಷ್ಟೆಲ್ಲ ಅವಮಾನ ನುಂಗ್ಕೊಂಡ್ರಾ? ನಾನು ಏನೇನೋ ಅಂದ್ಬಿಟ್ಟೆ!"

ಡಾಕ್ಟರು ಒಂದು ಕ್ಷಣ ಯೋಚಿಸಿದರು. "ಇರಲಿ ಬಿಡಿ ಮೇಷ್ಟ್ರೇ" ಎಂದು ವಿನಯದಿಂದ ತಲೆ ತಗ್ಗಿಸಿದರು.

"ನಾಳೆ ಬೆಳಿಗ್ಗೆ ಮೊದಲು ನಾನೇ ಬರ್ತೀನಿ. ನನ್ನ ಶಿಷ್ಯರನ್ನೆಲ್ಲ ಕಳಿಸ್ತೀನಿ."

ಡಾಕ್ಟರು ಕಾಲು ಚಾಚಿ ಕೂತರು. ತೆರೆಯ ಮೇಲೆ ಇನ್ಸ್‌ಪೆಕ್ಟರ್ ಒಂದು ಬಾಗಿಲು ತಳ್ಳಿದ. ಒಳಗೆ ಬಿಳಿ ದೀಪ, ಒರಗು ಕುರ್ಚಿ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಒಬ್ಬ ಮನುಷ್ಯ. ಅವನ ಮೇಲೆ ಬಗ್ಗಿ, ಇಂಜೆಕ್ಷನ್ ಹಿಡಿದು, ಲೋಕಾಭಿರಾಮವಾಗಿ ಮಾತಾಡುತ್ತ ನಿಂತಿದ್ದವನು, ಇಡೀ ಸಿನಿಮಾದಲ್ಲಿ ಎರಡೇ ಸಲ ಬಂದು ಮುಗುಳ್ನಕ್ಕು ಹೋಗಿದ್ದ ಸೌಮ್ಯ ಸ್ವಭಾವದ ಹಲ್ಲಿನ ಡಾಕ್ಟರ್. ಸಿನಿಮಾದ ಐದೂ ಕೊಲೆ ಅವನದೇ.

ಮುಂದಿನ ಸಾಲಿನ ತಲೆಗಳು ಮೆಲ್ಲಗೆ ಹಿಂದೆ ತಿರುಗಿದವು. ಟೈಲರ್ ತನ್ನ ಊದಿದ ಕೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡ. ಮೇಷ್ಟ್ರು ಹಿಡಿದಿದ್ದ ಕೈ ಯಾವಾಗ ಬಿಟ್ಟರೋ ಡಾಕ್ಟರಿಗೆ ತಿಳಿಯಲಿಲ್ಲ.

ದೀಪ ಹತ್ತಿದ ಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಮೇಷ್ಟ್ರೇ, ಬೆಳಿಗ್ಗೆ ಹತ್ತಕ್ಕೆ? ಉಳಿದರ್ಧ ಹಲ್ಲು ಮುಗಿಸ್ಬಿಡೋಣ. ನೋವು ಹೇಗಿದೆ?"

"ನೋವಾ?" ಎಂದರು ಮೇಷ್ಟ್ರು, ಹೆಂಡತಿಯ ತೋಳು ಹಿಡಿದು ಸಾಲಿನ ಆ ತುದಿಗೆ ಸರಿಯುತ್ತ. "ಯಾವ ನೋವು ಡಾಕ್ಟ್ರೇ?"