ಗುಡಾಣದ ಬಳೆಯೂ ನನ್ನ ಬೋಗಾಣಿಯೂ

ರಸಾಯನಶಾಸ್ತ್ರ ಓದಿದವರನ್ನು ಮದುವೆಯಾದರೆ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಬೇರೆಯವರ ಗಂಡಂದಿರು ಸಂಜೆ ಬರುವಾಗ ಕಾಯಿಪಲ್ಯ ತರುತ್ತಿದ್ದರು, ನಮ್ಮ ಮನೆಯವರು ಸುದ್ದಿ ತರುತ್ತಿದ್ದರು. ಅದೂ ಎಂಥ ಸುದ್ದಿ! ಊರಲ್ಲಿ ಯಾರಿಗೂ ಗೊತ್ತಿಲ್ಲದ್ದು, ಗೊತ್ತಾದರೂ ಯಾರಿಗೂ ಬೇಕಾಗದ್ದು. ನನಗೆ ಮಾತ್ರ ಬೇಕಾಗುತ್ತಿತ್ತು. ಒಲೆ ಮುಂದೆ ಕೂತು ಬಾಯಿ ತೆರೆದು ಕೇಳುತ್ತಿದ್ದೆ, ಪಲ್ಯ ಸೀದುಹೋಗುತ್ತಿತ್ತು.

ಎರಡನೇ ಮಹಾಯುದ್ಧದ ಕಾಲ. ನಾವು ಧಾರವಾಡದವರು. ಇವರಿಗೆ ಪುಣೆಯ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಂಗಾಮಿ ನೌಕರಿ. ಹಂಗಾಮಿ ಎಂದರೆ ಏನೆಂದು ಅಂಥವರ ಹೆಂಡತಿಯರನ್ನು ಕೇಳಬೇಕು. ಬೇಸಿಗೆ ಬಂತೆಂದರೆ ಟ್ರಂಕಿಗೆ ಸಾಮಾನು ತುಂಬುವುದು, ಮಳೆಗಾಲಕ್ಕೆ ಮತ್ತೆ ತೆಗೆದಿಡುವುದು. ಅಂಥದರಲ್ಲಿ ಕಾಲೇಜಿನ ಇತಿಹಾಸದ ಪ್ರೊಫೆಸರರಿಗೆ ಭೀಮಾ ನದಿ ದಂಡೆಯ ಒಂದು ಹೊಲದಲ್ಲಿ, ಇತಿಹಾಸಕ್ಕೂ ಹಿಂದಿನ ಕಾಲದವರು ಹೂಳಿದ ದೊಡ್ಡ ಮಣ್ಣಿನ ಗುಡಾಣಗಳು ಸಿಕ್ಕವು. ಒಳಗೆ ಸತ್ತ ಮಕ್ಕಳ ಎಲುಬು, ಜತೆಗೆ ತಾಮ್ರದ ಬಳೆ. ಆ ತಾಮ್ರದಲ್ಲಿ ಏನೇನು ಬೆರೆತಿದೆ ಎಂದು ಪರೀಕ್ಷೆ ಮಾಡುವ ಕೆಲಸ ಇವರ ಪಾಲಿಗೆ ಬಂತು.

"ಇದೊಂದು ಛಲೋ ಆತಂದ್ರ ನಾ ಕಾಯಂ ಆದೆ ಅಂತ ತಿಳಿ," ಎಂದರು ಇವರು. ಟ್ರಂಕನ್ನು ಖಾಲಿ ಮಾಡಿ ಅಟ್ಟಕ್ಕೆ ಎಸೆಯುವ ಕನಸು ನನಗೆ ಅಂದಿನಿಂದಲೇ ಶುರುವಾಯಿತು.

೧. ಮೈಲಿಗೆ ಯಾರಿಗೆ?

ನಾವು ಬಾಡಿಗೆಗಿದ್ದ ವಾಡೆಯ ಮಾಲಕಿ ಒಬ್ಬ ಮರಾಠಿ ಅಜ್ಜಿ. ಅಂಗಳದ ಒಂದು ಕಡೆ ನಳ, ಇನ್ನೊಂದು ಕಡೆ ತುಳಸಿಕಟ್ಟೆ, ನಡುವೆ ಅಜ್ಜಿಯ ಮಣೆ. ಆಕೆಯ ಕಣ್ಣು ತಪ್ಪಿಸಿ ಬೆಕ್ಕು ಕೂಡ ಒಳಗೆ ಬರುವಂತಿರಲಿಲ್ಲ.

ಮೊದಲ ದಿನ ಇವರು ಉತ್ಸಾಹದಲ್ಲಿ ಅಂಗಳದಿಂದಲೇ ಕೂಗಿದರು. "ಏ, ಇವತ್ತ ಕೈಯಾಗ ಏನ ಹಿಡದಿದ್ದೆ ಗೊತ್ತದ ಏನು? ಸತ್ತ ಕೂಸಿನ ಬಳಿ!"

ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ. ಆಕೆಗೂ ತಿಳಿಯಲಿ ಎಂದು ಪುಣ್ಯಾತ್ಮರು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದರು.

"ಅಗ ಬಾಈ!" ಅಜ್ಜಿ ಮಣೆಯಿಂದ ಎದ್ದಳು. "ಎಷ್ಟು ದಿನದ ಸೂತಕ?"

"ಸೂತಕ ಎಲ್ಲಿಂದ ಬಂತು ಆಜಿ? ಅವರೇನು ನಮ್ಮ ಸಂಬಂಧಿಕರೇ?"

"ಅಲ್ಲ ಅಂತ ನಿನಗೆ ಹೇಗೆ ಗೊತ್ತು?"

ಆ ಜನ ಯಾರು, ಎಲ್ಲಿಂದ ಬಂದರು, ಯಾರ ಪೂರ್ವಜರು ಎಂದು ಪ್ರೊಫೆಸರರೇ ತಲೆ ಕೆಡಿಸಿಕೊಂಡಿದ್ದರು. ವಿಜ್ಞಾನ ಓದಿದ ಮನುಷ್ಯ, ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದು ಹೇಗೆ?

ಅಜ್ಜಿ ಪಕ್ಕದ ಓಣಿಯ ಭಟ್ಟರನ್ನು ಕರೆಸಿದಳು. ಭಟ್ಟರು ಗಂಭೀರವಾಗಿ ಕೂತು ಸತ್ತವರ ಗೋತ್ರ ಕೇಳಿದರು. ಗೊತ್ತಿಲ್ಲ ಎಂದರು ಇವರು. ತಿಥಿ ಕೇಳಿದರು. "ಎರಡೋ ಮೂರೋ ಸಾವಿರ ವರ್ಷ ಆಗಿರಬಹುದು," ಎಂದರು ಇವರು. ಭಟ್ಟರು ಬೆರಳು ಮಡಚಿ ಎಣಿಸಿ, "ವರ್ಷ ದಾಟಿದ ಮೇಲೆ ಕಿವಿಗೆ ಬಿದ್ದ ಸಾವಿಗೆ ಸ್ನಾನ ಮಾತ್ರ," ಎಂದು ತೀರ್ಪು ಕೊಟ್ಟರು. ದಿನವೂ ಮುಟ್ಟುವುದಾದರೆ ದಿನವೂ ಸ್ನಾನ.

"ಮತ್ತೆ ಬಳೆಗೆ?" ನನಗೆ ಕುತೂಹಲ ತಡೆಯಲಾಗಲಿಲ್ಲ.

"ತಾಮ್ರಕ್ಕೆ ಮೈಲಿಗೆ ಎಲ್ಲಿದೆ ತಾಯಿ? ಹುಣಸೆಹಣ್ಣು ಹಚ್ಚಿ ತೊಳೆದರೆ ಪೂಜೆಗೂ ನಡೆಯುತ್ತದೆ."

ಅಂದರೆ ಬಳೆ ಸೀದಾ ದೇವರ ಮುಂದೆ ಬಂದು ಕೂರಬಹುದು, ನನ್ನ ಗಂಡ ಮಾತ್ರ ನಳದ ಕೆಳಗೆ ನಿಲ್ಲಬೇಕು. ಆ ಚಳಿಗಾಲವೆಲ್ಲ ನಿಂತರು.

೨. ಎರಡು ಪೊಟ್ಟಣ

ಪರೀಕ್ಷೆ ಮಾಡಬೇಕೆಂದರೆ ಬಳೆಯ ಒಂದು ಚೂರು ಬೇಕು. ಪ್ರೊಫೆಸರರು ಬಳೆ ಮುರಿಯಲು ಕೊಡಲೊಲ್ಲರು. "ಅಷ್ಟು ಸಾವಿರ ವರ್ಷ ಮಣ್ಣಲ್ಲಿ ಮುರಿಯದೆ ಉಳಿದದ್ದನ್ನು ನೀವು ಒಂದು ಮಧ್ಯಾಹ್ನದಲ್ಲಿ ಮುರಿಯುತ್ತೀರಾ?" ಎಂದು ಕೇಳಿದರಂತೆ. ವಾರಗಟ್ಟಲೆ ಜಗ್ಗಾಡಿದ ಮೇಲೆ ಒಂದು ಬಳೆಯ ಒಳಮೈಯನ್ನು ಅರದಿಂದ ಉಜ್ಜಿ, ಉದುರಿದ ಪುಡಿ ಒಂದು ಚಿಟಿಕೆ ತೆಗೆದುಕೊಳ್ಳಲು ಒಪ್ಪಿದರು. ಒಂದೇ ಸಲ, ಇನ್ನೊಮ್ಮೆ ಕೇಳಬಾರದು ಎಂಬ ಕರಾರು ಬೇರೆ.

ಪ್ರೊಫೆಸರರು ಮನಸ್ಸು ಬದಲಿಸಿ ವಾಪಸು ಕೇಳಿಯಾರು ಎಂಬ ಹೆದರಿಕೆಗೆ ಇವರು ಪುಡಿಯನ್ನು ಕಾಗದದಲ್ಲಿ ಮಡಚಿ, ಕೋಟಿನ ಕಿಸೆಯಲ್ಲಿ ಹಾಕಿಕೊಂಡು ಮನೆಗೇ ತಂದುಬಿಟ್ಟರು. ಅವತ್ತೇ ಅಜ್ಜಿ ಜೇಜುರಿಗೆ ಹೋಗಿ ಬಂದಿದ್ದಳು. ಅಲ್ಲಿನ ಖಂಡೋಬ ದೇವರ ಭಂಡಾರ, ಅಂದರೆ ಪ್ರಸಾದದ ಅರಿಶಿನದ ಪುಡಿ, ಅದನ್ನೂ ಕಾಗದದ ಪೊಟ್ಟಣದಲ್ಲಿ ಕೊಟ್ಟಳು. ಇವರು ಅದನ್ನೂ ಅದೇ ಕಿಸೆಗೆ ಹಾಕಿದರು. ಒಳಗೆ ಬಂದು ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟು, "ಭಂಡಾರ, ದೇವರ ಮುಂದ ಇಡು," ಎಂದರು.

ಮುಂಜಾನೆ ಸ್ನಾನ ಮಾಡಿ ಪೊಟ್ಟಣ ಬಿಚ್ಚಿದೆ. ಹಳದಿ ಇರಲಿಲ್ಲ, ಕೆಂಪು ಕಂದು ಬಣ್ಣ. ಯುದ್ಧದ ಕಾಲ, ಅರಿಶಿನಕ್ಕೂ ಏನೋ ಬೆರೆಸಿದ್ದಾರೆ ಎಂದುಕೊಂಡು, ಒದ್ದೆ ಬೆರಳಿಂದ ನನ್ನ ಹಣೆಗೂ ಮಗಳ ಹಣೆಗೂ ಹಚ್ಚಿ ಕೈ ಮುಗಿದೆ.

ಅತ್ತ ಪ್ರಯೋಗಶಾಲೆಯಲ್ಲಿ ಇವರು ತಮ್ಮ ಪೊಟ್ಟಣವನ್ನು ಆ್ಯಸಿಡ್ಡಿಗೆ ಸುರಿದರು. ಕರಗಬೇಕಾದದ್ದು ಕರಗಲಿಲ್ಲ, ಆರಾಮಾಗಿ ಮೇಲೆ ತೇಲಿತು. ಅದರ ಮೇಲೆ ಅಮೋನಿಯಾ ಹಾಕಿದರು. ತಾಮ್ರವಾಗಿದ್ದರೆ ನೀಲಿಯಾಗಬೇಕಿತ್ತು, ಕುಂಕುಮದ ನೀರಿನಂತೆ ಕೆಂಪಾಯಿತು. ಪಕ್ಕದಲ್ಲೇ ನಿಂತಿದ್ದ ಪ್ರೊಫೆಸರರು ಕಣ್ಣರಳಿಸಿ, "ಇದು ಯಾವ ಲೋಹ?" ಎಂದು ಕೇಳಿದರು. ಇವರು ಉಳಿದ ಪುಡಿಯನ್ನು ಮೂಸಿ ನೋಡಿದರು. ನಮ್ಮ ಮನೆಯ ಒಗ್ಗರಣೆಯ ವಾಸನೆ ಬಂತು.

ಓಡುತ್ತಾ ಬಂದವರು ಬಾಗಿಲಲ್ಲೇ, "ಹಣಿ ಮುಟ್ಟಬ್ಯಾಡ! ಅಲ್ಲಾಡಬ್ಯಾಡ!" ಎಂದು ಚೀರಿದರು. ನಾನು ಹಾವೇ ಬಂತೆಂದು ಕಲ್ಲಾಗಿ ನಿಂತೆ. ಇವರು ನನ್ನ ಗದ್ದದ ಕೆಳಗೆ ಕಾಗದ ಹಿಡಿದು, ಉಸಿರು ಬಿಗಿಹಿಡಿದು, ಹಣೆಯ ಮೇಲಿನ ಕಣ ಕಣವನ್ನೂ ಕುಂಚದಿಂದ ಕೆಳಗೆ ಬೀಳಿಸಿದರು. ಮದುವೆಯಾದ ಮೇಲೆ ಅವರು ನನ್ನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

೩. ಹಸಿರು ಬಳೆ

ನನ್ನ, ಮಗಳ ಹಣೆಯ ಪುಡಿಯೂ ಸೇರಿ ಪರೀಕ್ಷೆ ಮುಗಿಯಿತು. ಶುದ್ಧ ತಾಮ್ರ, ಬೇರೇನೂ ಬೆರೆತಿಲ್ಲ. ಪ್ರೊಫೆಸರರ ಮುಖ ಸ್ವಲ್ಪ ಸಪ್ಪಗಾಯಿತಂತೆ. ಅವರಿಗೆ ತಾಮ್ರದ ಜತೆ ತವರ ಸಿಗಬೇಕಿತ್ತು. ಈ ಸೀಮೆಯಲ್ಲಿ ತವರದ ಗಣಿ ಇಲ್ಲ. ತವರ ಸಿಕ್ಕರೆ ಆ ಹಳೆಯ ಜನ ದೂರ ದೇಶಗಳ ಜತೆ ವ್ಯಾಪಾರ ಮಾಡುತ್ತಿದ್ದರು ಎಂದಾಗುತ್ತಿತ್ತು.

ನನಗೆ ತವರ ಬೇಕಿರಲಿಲ್ಲ, ಬಳೆ ನೋಡಬೇಕಿತ್ತು. ಒಂದು ದಿನ ಇವರು ಬುತ್ತಿ ಮರೆತು ಹೋದರು. ನಿಜ ಹೇಳಬೇಕೆಂದರೆ ನಾನೇ ನೆನಪಿಸಲಿಲ್ಲ. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬುತ್ತಿ ಕೊಡುವ ನೆವದಿಂದ ಕಾಲೇಜಿಗೆ ಹೋದೆ.

ಹತ್ತಿಯ ಮೇಲೆ ಇಟ್ಟಿದ್ದರು. ಕಿಲುಬು ಹಿಡಿದು ಹಚ್ಚ ಹಸಿರಾಗಿದ್ದವು. ಎಷ್ಟು ಚಿಕ್ಕವು! ಯಾರೋ ತಾಯಿ ಕೂಸನ್ನು ಗುಡಾಣದಲ್ಲಿ ಮಲಗಿಸುವಾಗ ಬಳೆ ತೆಗೆಯಲು ಮನಸ್ಸಾಗದೆ ಹಾಗೇ ಬಿಟ್ಟಿದ್ದಾಳೆ. ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗಿದರೆ ನನ್ನ ಮಗಳು ಒಂದು ಬಳೆ ಕೈಗೇರಿಸಿಕೊಂಡು ಕುಣಿಯುತ್ತಿದ್ದಾಳೆ.

ಏರಿದ ಬಳೆ ಇಳಿಯಲೊಲ್ಲದು. ಎಳೆದರೆ ಬಳೆ ಮುರಿಯುತ್ತದೆ, ಸುಮ್ಮನಿದ್ದರೆ ನೌಕರಿ ಹೋಗುತ್ತದೆ. ಇವರ ಮುಖ ಸುಣ್ಣದ ಗೋಡೆಯಾಯಿತು. ನಾನು ಬುತ್ತಿ ಬಿಚ್ಚಿ ಶೇಂಗಾ ಚಟ್ನಿಯ ಮೇಲಿನ ಎಣ್ಣೆಯನ್ನು ಮಗಳ ಕೈಗೆ ಸವರಿದೆ. ಬಳೆ ಜಾರಿ ಹೊರಗೆ ಬರುವುದಕ್ಕೂ ಪ್ರೊಫೆಸರರು ಒಳಗೆ ಬರುವುದಕ್ಕೂ ಸರಿಹೋಯಿತು.

ಪ್ರೊಫೆಸರರು ಬೈಯಲಿಲ್ಲ. ಮಗಳ ಮುಂದೆ ಮೊಣಕಾಲೂರಿ, ಮರಾಠಿಯಲ್ಲಿ, "ಮಗೂ, ನಿನಗೆ ಎಷ್ಟು ವರ್ಷ?" ಎಂದು ಕೇಳಿದರು. ಮಗಳು ನಾಲ್ಕು ಬೆರಳು ತೋರಿಸಿದಳು. "ಹಾಗಾದರೆ ಆಕೆಗೂ ನಾಲ್ಕೇ ಇದ್ದಿರಬೇಕು," ಎಂದು ಖುಷಿಪಟ್ಟರು. ಆಮೇಲೆ ಬಳೆಯನ್ನು ಬೆಳಕಿಗೆ ಹಿಡಿದರು. ಎಣ್ಣೆ ತಿಕ್ಕಿದ ಕಡೆ ಹಸಿರು ಸ್ವಲ್ಪ ಬಿಟ್ಟು, ಕೆಳಗಿನ ತಾಮ್ರ ಮಿನುಗುತ್ತಿತ್ತು. "ಇದೊಂದನ್ನು ಪೂರ್ತಿ ಸ್ವಚ್ಛ ಮಾಡಿ ನೋಡೋಣವೇ?" ಎಂದರು.

ಗಂಡಾಂತರ ತಪ್ಪಿತು ಎಂದು ಮನೆಗೆ ಬಂದರೆ, ಮಗಳು ಅಂಗಳದಿಂದಲೇ ಅಜ್ಜಿಗೆ, "ನಾನೂ ಸತ್ತವಳ ಬಳೆ ಹಾಕಿಕೊಂಡಿದ್ದೆ!" ಎಂದು ಅಚ್ಚ ಮರಾಠಿಯಲ್ಲಿ ವರದಿ ಒಪ್ಪಿಸಿದಳು. ಅವತ್ತು ಸಂಜೆ ನಳದ ಕೆಳಗೆ ಮೂವರೂ ನಿಂತೆವು.

೪. ತವರ ಬಂದ ದಾರಿ

ಬಳೆ ಸ್ವಚ್ಛ ಮಾಡಲು ದ್ರಾಕ್ಷಿಯ ಹುಳಿಯಿಂದ ಮಾಡಿದ ಒಂದು ಬಗೆಯ ಉಪ್ಪು ಬೇಕು, ಅದು ವಿಲಾಯತಿಯಿಂದ ಬರಬೇಕು. ಯುದ್ಧದಿಂದಾಗಿ ಹಡಗೇ ಇಲ್ಲ. "ಹುಣಸೆಹಣ್ಣಿನ್ಯಾಗೂ ಅದೇ ಜಾತಿ ಹುಳಿ ಅದ," ಎಂದು ಇವರೇ ದಾರಿ ಹುಡುಕಿದರು. ಕುದಿಸಲು ಪಾತ್ರೆ ಬೇಕು. ಕಾಲೇಜಿನ ದೊಡ್ಡ ಗಾಜಿನ ಪಾತ್ರೆ ಒಡೆದಿತ್ತು, ಹೊಸದು ಸಿಗುತ್ತಿರಲಿಲ್ಲ. ಇವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಿನ್ನ ಬೋಗಾಣಿ ಒಂದಿನದ ಮಟ್ಟಿಗೆ ಕೊಡ್ತಿ ಏನು?"

ನನ್ನ ಬೋಗಾಣಿ ಎಂದರೆ ಅವ್ವ ಕೊಟ್ಟ ಹಿತ್ತಾಳೆ ಪಾತ್ರೆ, ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು ಕೊರೆಸಿದ್ದು. ಒಳಗೆ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಸಾರು ಮಾಡಿದರೆ ಕಿಲುಬೇಳುತ್ತದೆ. ಕಲಾಯಿಯ ಬಿಳಿ ಲೇಪ ಹಚ್ಚಲು ತವರ ಬೇಕು. ತವರ ಬರುತ್ತಿದ್ದ ಮಲಯ ದೇಶವನ್ನು ಜಪಾನಿನವರು ಹಿಡಿದ ಮೇಲೆ ನಮ್ಮ ಓಣಿಯ ಕಲಾಯಿಗಾರ ತಿದಿ ಮಡಚಿ ಊರಿಗೆ ಹೋಗಿದ್ದ. ಕಡೆಗೆ ಧಾರವಾಡದಲ್ಲಿ ಅವ್ವ ಯಾವನೋ ಮುದುಕನನ್ನು ಕಾಡಿ ಬೇಡಿ, ಅವನು ಮುಚ್ಚಿಟ್ಟುಕೊಂಡಿದ್ದ ತವರದಲ್ಲಿ ಕಲಾಯಿ ಮಾಡಿಸಿ, ನನ್ನ ತಮ್ಮನ ಕೈಲಿ ಕಳಿಸಿದ್ದಳು. ಕನ್ನಡಿಯಂತೆ ಹೊಳೆಯುತ್ತಿತ್ತು.

"ಸತ್ತವರ ಬಳಿ ನನ್ನ ಸಾರಿನ ಬೋಗಾಣ್ಯಾಗ? ಬ್ಯಾಡ್ರಿ!"

"ತಾಮ್ರಕ್ಕ ಮೈಲಿಗಿ ಇಲ್ಲ ಅಂತ ಭಟ್ಟರು ಹೇಳ್ಯಾರಲ್ಲ. ಇದಾತಂದ್ರ ಕಾಯಂ..."

ಕಾಯಂ ಎಂಬ ಶಬ್ದ ಕೇಳಿ ಸೋತೆ. ಕೊಟ್ಟೆ.

ಗಟ್ಟಿ ಹುಣಸೆನೀರಿನಲ್ಲಿ ಬಳೆಯನ್ನು ಇಡೀ ದಿನ ಕುದಿಸಿದರು. ಸಂಜೆ ತೆಗೆದರೆ ಬಳೆ ಕೆಂಪಗಿಲ್ಲ, ಬೆಳ್ಳಗಿದೆ! ಬೆಳ್ಳಿಯೇ ಎಂದು ಪರೀಕ್ಷಿಸಿದರೆ ಬೆಳ್ಳಿಯಲ್ಲ, ತವರ. ಅವರಿಗೆ ಬೇಕಾದ ತವರವೇ! ಸಾವಿರಾರು ವರ್ಷದ ಹಿಂದೆ ನಮ್ಮ ದಖ್ಖನಿನ ಜನಕ್ಕೆ ತಾಮ್ರದ ಮೇಲೆ ತವರ ಲೇಪಿಸುವುದು ಗೊತ್ತಿತ್ತು! ದೊಡ್ಡ ನಕಾಶೆ ತಂದು ಕೆಂಪು ಬಾಣ ಬರೆದರು. ತವರ ಮಲಯದಿಂದ ಹಡಗಿನಲ್ಲಿ ಬಂದು, ಕಾರವಾರದ ಕಡೆ ಇಳಿದು, ಘಟ್ಟ ಹತ್ತಿ, ದಕ್ಷಿಣದಿಂದ ಪುಣೆಯ ಸೀಮೆಗೆ. ಎರಡು ದಿನ ಬಿಟ್ಟು ಕಾಲೇಜಿನ ಕಮಿಟಿಯ ಸಭೆ. ಪ್ರೊಫೆಸರರ ಶೋಧವೂ ಇವರ ಕಾಯಂ ವಿಷಯವೂ ಅದೇ ಸಭೆಯಲ್ಲಿ.

ಸಭೆಯ ಹಿಂದಿನ ದಿನ ಬೋಗಾಣಿ ಮನೆಗೆ ಬಂತು. ಸಾರಿಗೆ ಇಡೋಣ ಎಂದು ಒಳಗೆ ನೋಡಿದೆ. ನೀರು ನಿಂತಿದ್ದ ಮಟ್ಟದವರೆಗೆ ಹಳದಿ ಹಿತ್ತಾಳೆ, ಅದರ ಮೇಲೆ ಮಾತ್ರ ಬಿಳಿ.

"ರೀ! ನನ್ನ ಕಲಾಯಿ ಎಲ್ಲಿ ಹೋತು?"

ಮಗಳ ಜತೆ ನಗುತ್ತಿದ್ದ ಇವರು ಎದ್ದು ಬಂದರು. ಬೋಗಾಣಿಯೊಳಗೆ ಬಗ್ಗಿ, ಬಿಳಿ ಮುಗಿದ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಬಳಿ ಮ್ಯಾಲೆ ಅದ," ಎಂದರು. ಹುಳಿಗೆ ಕಲಾಯಿಯ ತವರ ಕರಗಿ, ಕುದಿಯುತ್ತಾ ಕುದಿಯುತ್ತಾ ಹೋಗಿ ತಾಮ್ರದ ಮೇಲೆ ಕೂತಿತ್ತು.

ನನಗೆ ಮೊದಲು ನೆನಪಾದದ್ದು ಟ್ರಂಕು. "ಸುಮ್ಮನಿದ್ದುಬಿಡ್ರಿ. ಸಾವಿರಾರು ವರ್ಷದ ಮಾತು, ಯಾರು ಕೇಳ್ತಾರ?"

"ನಾಳೆ ಇನ್ನೊಬ್ಬ ಮತ್ತೊಂದು ಬಳಿ ನೋಡ್ತಾನ, ಅದರಾಗ ತವರ ಇರೂದಿಲ್ಲ. ಅವಾ ಕೇಳ್ತಾನ. ಅದಕಿಂತ ಮೊದಲ ನಾನ ನನ್ನ ಕೇಳಿಕೊಂಡೇನಲ್ಲ."

ಮರುದಿನ ಬೋಗಾಣಿಯನ್ನು ನಾನೇ ಚೀಲದಲ್ಲಿ ಹಾಕಿ ಕೊಟ್ಟೆ. ಅವರು ಅತ್ತ ಹೋದ ಮೇಲೆ ಟ್ರಂಕಿನ ಧೂಳು ಒರೆಸಿ ಬಾಗಿಲ ಹತ್ತಿರ ಎಳೆದಿಟ್ಟು, ಅದರ ಮೇಲೆಯೇ ಕೂತು ಅತ್ತೆ.

ಮುಂದಿನದು ಇವರು ಹೇಳಿದ್ದು. ಪ್ರೊಫೆಸರರಿಗೆ ಮೊದಲೇ ತಿಳಿಸಬೇಕೆಂದು ಬೇಗ ಹೋದರೆ, ಅವರು ಕಮಿಟಿ ಅಧ್ಯಕ್ಷರ ಟಾಂಗಾದಲ್ಲೇ ಬಂದಿಳಿದರು, ಹೇಳಲು ಎಡೆಯೇ ಸಿಗಲಿಲ್ಲ. ಅಧ್ಯಕ್ಷರು ನಿವೃತ್ತ ಜಡ್ಜರು, ಕೂತ ಕೂಡಲೆ ನಕಾಶೆ ನೋಡಿದರು. "ಸರಿ. ಈ ತವರ ಎಲ್ಲಿಂದ ಬಂತು? ಯಾವ ಮಾರ್ಗವಾಗಿ?"

ಪ್ರೊಫೆಸರರು ಕೋಲು ಹಿಡಿದು ಏಳುವಷ್ಟರಲ್ಲಿ ಇವರು ಎದ್ದು, ನಕಾಶೆಯ ಪಕ್ಕದಲ್ಲಿ ಬೋಗಾಣಿ ಇಟ್ಟರು.

"ಧಾರವಾಡದಿಂದ, ಸಾಹೇಬರೇ. ರೈಲಿನಲ್ಲಿ, ಥರ್ಡ್ ಕ್ಲಾಸಿನಲ್ಲಿ. ನನ್ನ ಹೆಂಡತಿಯ ತಮ್ಮ ತಂದದ್ದು."

ನಡೆದದ್ದನ್ನೆಲ್ಲ ಹೇಳಿದರು. ಜಡ್ಜರು ಬೋಗಾಣಿಯನ್ನು ತಿರುಗಿಸಿ ಒಳಗೆ ನೋಡಿದರು, ಹೊರಗೆ ನೋಡಿದರು, ಕಂಠದ ಮೇಲಿನ ನನ್ನ ಹೆಸರು ಯಾವ ಲಿಪಿ ಎಂದು ಕೇಳಿದರು. ಆಮೇಲೆ ನಗಲು ಶುರುಮಾಡಿದವರಿಗೆ ನೀರು ಕುಡಿಸಬೇಕಾಯಿತು. "ಇಷ್ಟು ವರ್ಷ ಕೋರ್ಟಿನಲ್ಲಿ ಸಾಕ್ಷ್ಯ ಮುಚ್ಚಿಡುವವರನ್ನೇ ನೋಡಿದೆ. ತನ್ನ ವಿರುದ್ಧ ತಾನೇ ಪಾತ್ರೆ ಹೊತ್ತು ತಂದವನು ಇವನೊಬ್ಬನೇ. ಇಂಥವನನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲ, ಕಾಯಂ ಮಾಡಿ," ಎಂದರು. ಕಣ್ಣೊರೆಸಿಕೊಂಡು ಪ್ರೊಫೆಸರರತ್ತ ತಿರುಗಿದರು. "ಇನ್ನು ನಿಮ್ಮ ನಕಾಶೆ ಹರಿದುಹಾಕೋಣವೇ?"

ಪ್ರೊಫೆಸರರು ಚಷ್ಮಾ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ದಕ್ಷಿಣದಿಂದ ಬರುವ ತಮ್ಮ ಕೆಂಪು ಬಾಣವನ್ನು ನೋಡಿದರು. "ಯಾಕೆ? ದಿಕ್ಕು ಸರಿಯಾಗಿಯೇ ಇದೆಯಲ್ಲ," ಎಂದರು.

ಇವರು ಅಂಗಳದಿಂದಲೇ, "ಕಾಯಂ ಆತು!" ಎಂದು ಕೂಗುತ್ತಾ ಬಂದರು. ಟ್ರಂಕನ್ನು ಇಬ್ಬರೂ ಸೇರಿ ಅಟ್ಟಕ್ಕೆ ಏರಿಸಿದೆವು. ಕೆಳಗಿಳಿದ ಮೇಲೆ ನಾನು ಬೋಗಾಣಿಯೊಳಗೆ ಇಣುಕಿ ನೋಡಿದೆ.

"ಅದೆಲ್ಲಾ ಛಲೋ ಆತು. ನನ್ನ ಕಲಾಯಿ?"

"ಅದು ಈಗ ಕಾಲೇಜಿನ ಸ್ವತ್ತು. ಮುಟ್ಟಬೇಕಂದ್ರ ಕಮಿಟಿ ಪರವಾನಗಿ ಬೇಕು."

"ಇರ್ಲಿ ಬಿಡ್ರಿ. ಆ ಕೂಸಿಗೆ ನಮ್ಮವ್ವ ಮಾಡಿದ ಉಡುಗೊರಿ ಅಂತ ತಿಳಕೋತೀನಿ," ಎಂದೆ. ಮನಸಾರೆ ಎಂದೆ. "ಆದ್ರ ಯುದ್ಧ ಮುಗಿಯೂ ತನಕಾ ನನ್ನ ಹುಳಿ ಸಾರು ಕೇಳಬ್ಯಾಡ್ರಿ. ನಿಮಗೂ ಇಲ್ಲ, ನಿಮ್ಮ ಕಮಿಟಿಗೂ ಇಲ್ಲ."