ಗುಂಡಿಗಿಳಿದ ಅರ್ಥ

"ಇನ್ಮ್ಯಾಕೆ ನನ್ನ ಯಾರು ಕರೀತಾರೆ?"

ಓಬಳಯ್ಯ ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ತನ್ನ ಜಗಲಿಯ ಕಂಬಕ್ಕೆ ಒರಗಿ, ಎದುರಿನ ಯಜಮಾನರ ಮನೆಯ ಎರಡು ತೆಂಗಿನ ಮರಗಳ ನಡುವೆ ಹೊಸದಾಗಿ ಎಳೆದಿದ್ದ ತಂತಿಯನ್ನು ನೋಡುತ್ತಾ ಅಂದುಕೊಂಡ, ಅಷ್ಟೆ. ತಂತಿಯ ಮೇಲಿದ್ದ ಕಾಗೆ ಕತ್ತು ಓರೆ ಮಾಡಿ ಅವನನ್ನು ನೋಡಿ, ಉತ್ತರ ತನಗೂ ತಿಳಿಯದೆಂಬಂತೆ ಹಾರಿಹೋಯಿತು.

"ಊಟಕ್ಕಂತೂ ನಾನೇ ಕರೀತಿದೀನಿ. ಬನ್ನಿ, ಮುದ್ದೆ ಆರೋಗ್ತದೆ," ಅಂದಳು ಒಳಗಿನಿಂದ ಹೆಂಡತಿ ನಿಂಗಮ್ಮ.

ಮುದ್ದೆ ಆರಿದರೇನು, ಓಬಳಯ್ಯನ ಎದೆಯೇ ಆರಿಹೋಗಿತ್ತು. ಅಮೃತೂರಿನ ಮಗ್ಗುಲ ಆ ಹಳ್ಳಿಗೆ ಕರೆಂಟು ಕಂಬ ಇನ್ನೂ ಕಾಲಿಟ್ಟಿರಲಿಲ್ಲ. ಶ್ರಾವಣ ಬಂತೆಂದರೆ ಸಂಜೆಗೆ ತೆಂಗಿನ ತೋಟದ ಯಜಮಾನ ವೆಂಕಟರಂಗಯ್ಯನ ಪಡಸಾಲೆಯಲ್ಲಿ ಕಾವ್ಯ ಓದಿಸುವುದು ಹಿಂದಿನಿಂದ ಬಂದ ಪದ್ಧತಿ. ಚಿಕ್ಕಮಾರಯ್ಯ ಪದ್ಯ ಓದುವವನು, ಓಬಳಯ್ಯ ಅರ್ಥ ಹೇಳುವವನು. ಊರವರ ಬಾಯಲ್ಲಿ ಅವರ ಹೆಸರುಗಳೇ ಸವೆದುಹೋಗಿದ್ದವು. "ಪದ್ಯ ಬಂದವ್ನೆ, ಅರ್ತ ಎಲ್ಲಿ?" ಎನ್ನುವರು. ಮದುವೆಗೆ ಕರೆಯುವಾಗಲೂ "ಅರ್ತದೋರ ಮನೇಲಿ ಹೇಳ್ಬುಟ್ಟು ಬಾ" ಎನ್ನುವರು. ಚಿಕ್ಕಮಾರಯ್ಯ ಒಂದೇ ಉಸಿರಿಗೆ ಪದ್ಯ ಮುಗಿಸಿ ಎಲೆಅಡಿಕೆಗೆ ಕೈ ಹಾಕಿದನೆಂದರೆ ಓಬಳಯ್ಯ ಎರಡು ಸಲ ಕೆಮ್ಮಿ, "ಏನಪ್ಪಾ ಅಂದ್ರೆ..." ಎಂದು ಶುರು ಮಾಡುವನು. ಆ "ಅಂದ್ರೆ" ದೀಪದ ಎಣ್ಣೆ ತೀರುವ ತನಕ ಹರಿಯುವುದು. ಕೇಳುವವರಲ್ಲಿ ಅರ್ಧ ಜನ ತೂಕಡಿಸಿದರೂ ಅದನ್ನು ತಲೆದೂಗುವುದೆಂದೇ ಅವನು ತಿಳಿದಿದ್ದ.

ಈ ಶ್ರಾವಣಕ್ಕೆ ವೆಂಕಟರಂಗಯ್ಯ ರೇಡಿಯೋ ತಂದಿದ್ದ. ತೆಂಗಿನ ಮರಗಳ ನಡುವಿನ ತಂತಿ ಅದರದೇ. ಮೈಸೂರಿನಲ್ಲಿ ಯಾರೋ ಓದುವ ಪದ್ಯ ಇಲ್ಲಿ ಕೇಳುತ್ತದಂತೆ. ಚಿಕ್ಕಮಾರಯ್ಯನಿಗೆ ಗಂಟಲು ಕಟ್ಟಿದ್ದರಿಂದ ಅವನಿಗೆ ಖುಷಿಯೇ. ಅರ್ಥದ ಸುದ್ದಿಯನ್ನು ಮಾತ್ರ ಯಾರೂ ಎತ್ತಿರಲಿಲ್ಲ.

ಓಬಳಯ್ಯ ಮುದ್ದೆ ಮುರಿಯುವಷ್ಟರಲ್ಲಿ ಕುಣಿಗಲ್ ಕಡೆಯ ಬಸ್ಸು ಬಂತು. ಕಂಡಕ್ಟರು ಬ್ಯಾಟರಿಯೊಂದನ್ನು ಹಸುಗೂಸಿನಂತೆ ಎತ್ತಿಕೊಂಡು ಇಳಿದು, ಬೀದಿಗೆಲ್ಲ ಕೇಳುವಂತೆ ಕೂಗಿದ:

"ಯಜಮಾನ್ರೇ, ರೇಡಿಯೋ ರಿಪೇರಿ ಮಲ್ಲಿಕಾರ್ಜುನ್ ಅವ್ರು ಹೇಳಿ ಕಳ್ಸವ್ರೆ. ಅವ್ರು ಮುಂದಿನ ಬಸ್ಸಿಗೆ ಬರ್ತಾರಂತೆ. ಅಷ್ಟರಲ್ಲಿ ಅರ್ತ ರೆಡಿ ಇಟ್ಕೊಂಡಿರ್ಬೇಕಂತೆ. ಅರ್ತ ಇಲ್ದಿದ್ರೆ ಬರೀ ಗೊರಗೊರ ಅಂತದಂತೆ!"

ಓಬಳಯ್ಯನ ಕೈಯಲ್ಲಿದ್ದ ತುತ್ತು ಸಾರಿಗೆ ಜಾರಿತು. "ಕೇಳಿದ್ಯೇನೆ?" ಅಂದ ನಿಂಗಮ್ಮನಿಗೆ. ಅವನ ಕಣ್ಣು ತೇವವಾಗಿತ್ತು. "ಡಬ್ಬಕ್ಕೂ ಅರ್ತ ಬೇಕಂತೆ! ಪೆಟ್ಟಿಗೇಲಿರೋ ಜರಿ ಪೇಟ ತೆಗಿ."

ಜರಿ ಪೇಟ ಸುತ್ತಿ, ಮಡಿ ಪಂಚೆ ಉಟ್ಟು ಅವನು ಯಜಮಾನರ ಅಂಗಳಕ್ಕೆ ಬರುವಾಗ ಕಂಡಕ್ಟರು ಸುದ್ದಿಯ ಉಳಿದರ್ಧ ಒಪ್ಪಿಸುತ್ತಿದ್ದ.

"ತಂಪಾಗಿರೋ ಕಡೆ ಗುಂಡಿ ತೋಡಿ, ಅರ್ತ ಇಳಿಸಿ, ಸುತ್ತ ಉಪ್ಪು, ಇದ್ದಿಲು ತುಂಬ್ಬೇಕಂತೆ. ರೇಡಿಯೋ ಹಿಂದ್ಗಡೆ ಕರಿ ತಂತಿ ಅದ್ಯಲ್ಲ, ಅದನ್ನ ಅರ್ತಕ್ಕೆ ಬಿಗಿಯಾಗಿ ಕಟ್ಟಿ, ಮೇಲಿಂದ ನೀರು ಬಿಡ್ತಾ ಇರ್ಬೇಕಂತೆ. ತೇವ ಆರಬಾರದಂತೆ. ನಂಗೇನೂ ಗೊತ್ತಿಲ್ಲ ಸ್ವಾಮಿ, ಅವ್ರು ಅಂದಿದ್ದು ನಾನಂದೆ," ಎಂದು ಸೀಟಿ ಊದಿ ಬಸ್ಸು ಹತ್ತಿಬಿಟ್ಟ.

ಅಂಗಳದಲ್ಲಿದ್ದವರೆಲ್ಲ ಓಬಳಯ್ಯನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಗುಂಡಿಯ ಅಳತೆ ತೆಗೆಯುತ್ತಿದ್ದಾರೇನೋ ಅನ್ನುವಂತಿತ್ತು ಆ ನೋಟ.

"ಅರ್ತ ಹೇಳಾಕೆ ಗುಂಡಿ ಯಾಕ್ಲಾ?" ಅಂದ ವೆಂಕಟರಂಗಯ್ಯ.

ಚಿಕ್ಕಮಾರಯ್ಯ ಕಟ್ಟಿದ ಗಂಟಲಲ್ಲೇ ವಿವರಿಸಿದ: "ಅಲ್ಲಾ ಯಜಮಾನ್ರೇ, ಮೈಸೂರಿಂದ ತಂತೀಲಿ ಬರೋ ಪದ್ಯ ಎಷ್ಟು ಬಿಸಿಯಾಗಿರ್ತದೋ ಏನೋ. ಅರ್ತ ತಣ್ಣಗೆ ಇರ್ಬೇಡ್ವಾ?"

"ಉಪ್ಪು?"

"ಉಪ್ಪಿಲ್ಲದ ಅರ್ತ ಸಪ್ಪೆ ಅಲ್ವಾ!"

ಇಷ್ಟು ವರ್ಷ ಅರ್ಥ ಹೇಳಿದ ಓಬಳಯ್ಯನಿಗೂ ಈ ಅರ್ಥಕ್ಕೆ ಎದುರಾಡಲು ತೋಚಲಿಲ್ಲ. ಬಚ್ಚಲ ನೀರು ಹರಿಯುವ ಕಡೆ, ಬಾಳೆಗಿಡದ ಬುಡದಲ್ಲಿ ಗುಂಡಿ ತೋಡಿದರು. ಜರಿ ಪೇಟ ಸರಿಮಾಡಿಕೊಂಡು, ಪಂಚೆ ಎತ್ತಿ ಕಟ್ಟಿ, ಮದುವಣಿಗ ಹಸೆಗೆ ಏರುವಷ್ಟೇ ಗಾಂಭೀರ್ಯದಿಂದ ಅವನು ಗುಂಡಿಗೆ ಇಳಿದ. ಮೊಣಕಾಲ ತನಕ ಕೆಸರು. ಸುತ್ತ ಇದ್ದಿಲು ಸುರಿದರು. ಪಕ್ಕದ ಮನೆಯ ಮುದುಕಿ ಪುಟ್ಟತಾಯಮ್ಮ ಹರಳುಪ್ಪನ್ನು ಮೊರದಲ್ಲೇ ತಂದು ಸುರುವಿ, ಬಿಂದಿಗೆ ಎತ್ತಿ ನೀರು ಹೊಯ್ಯತೊಡಗಿದಳು. ಮೊದಲ ಬಿಂದಿಗೆ ಪೇಟದ ಮೇಲೆಯೇ ಬಿತ್ತು.

"ಪುಟ್ಟತಾಯಕ್ಕ, ಬುಡಕ್ಕೆ, ಬುಡಕ್ಕೆ!"

"ಮೇಲಿಂದ ಅಂದ್ನಲ್ಲಪ್ಪ ಕಂಡಕ್ಟ್ರು. ತೇವ ಆರಬಾರದಂತೆ. ಸುಮ್ಕಿರು."

ಅಷ್ಟರಲ್ಲಿ ನಿಂಗಮ್ಮ ಓಡಿಬಂದಳು. "ಉಪ್ಪು ಹಾಕಿ, ನೀರು ಬುಟ್ಟು, ನನ್ನ ಗಂಡನ್ನೇನು ಉಪ್ಪಿನಕಾಯಿ ಹಾಕ್ತಿದೀರಾ?" ಎಂದವಳು, ಚಿಕ್ಕಮಾರಯ್ಯ ತಂತಿಯನ್ನು ಗಂಡನ ಕಾಲಿನ ಹೆಬ್ಬೆರಳಿಗೆ ಕಟ್ಟಲು ಬಗ್ಗಿದ್ದನ್ನು ಕಂಡು ಚೀರಿದಳು. "ಅಯ್ಯೋ ನಿನ್ನ ಕೈ ಸೇದೋಗ! ಹೆಬ್ಬೆರಳು ಕಟ್ಟೋದು ಯಾರಿಗೆ ಅಂತ ತಿಳೀದೇನೋ? ನನ್ನ ತಾಳಿ ಇನ್ನೂ ಕೊರಳಲ್ಲೇ ಅದೆ!"

ಹಿರಿಯರು ಕೂಡಿ ಮಾತಾಡಿ, ತಂತಿಯನ್ನು ಕಂಕಣದಂತೆ ಬಲಗೈಗೆ ಕಟ್ಟಬಹುದು ಎಂದು ತೀರ್ಮಾನಿಸಿದರು.

ಸಂಜೆ ಇಳಿಯುವಾಗ ಊರಿಗೆ ಊರೇ ಅಂಗಳದಲ್ಲಿ ಕೂತಿತ್ತು. ಮಲ್ಲಿಕಾರ್ಜುನನ ಬಸ್ಸಿನ ಸುಳಿವಿಲ್ಲ. ತಾಳ್ಮೆ ತಪ್ಪಿದ ವೆಂಕಟರಂಗಯ್ಯ ತಾನೇ ಬ್ಯಾಟರಿ ಸಿಕ್ಕಿಸಿ ರೇಡಿಯೋದ ಗುಂಡಿ ತಿರುವಿದ. ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ರೇಡಿಯೋ ಸಿಡಿಯಿತು. ಗೊರಗೊರ.

"ಓಬಳಣ್ಣ, ತಂತಿ ಸಡಿಲ ಆಗ್ಯದೆ. ಇನ್ನೊಂದು ಕೈಲಿ ಬಿಗಿಯಾಗಿ ಹಿಡ್ಕೋ!" ಅಂದ ಚಿಕ್ಕಮಾರಯ್ಯ.

ಓಬಳಯ್ಯ ಹಿಡಿದ. ಗೊರಗೊರ ನಿಂತು, ಮಂಜಿನೊಳಗಿಂದ ಗೋಪುರ ಏಳುವಂತೆ ಗದ್ದಲದೊಳಗಿಂದ ರಾಗ ಎದ್ದಿತು. ಗಮಕಿಯ ಕಂಠ, ತುಂಬಿದ ಕೆರೆಯಂಥ ಕಂಠ. ಪದ್ಯ ಪಾದ ಪಾದವಾಗಿ ನಡೆದು ಬಂದು ಅಂಗಳದ ನಡುವೆ ನಿಂತಿತು. ಪುಟ್ಟತಾಯಮ್ಮ ಬಿಂದಿಗೆ ಇಳಿಸಿ ಕೈ ಮುಗಿದಳು.

"ಅರ್ತ ಹಿಡೀತು ಕಣ್ರಪ್ಪೋ!" ಎಂದು ಕೂಗಿತು ಊರು.

ಓಬಳಯ್ಯನಿಗೂ ಮೈ ನವಿರೆದ್ದಿತು. ಪದ್ಯ ಮುಗಿಯಲೆಂದು ಕಾದ. ಮುಗಿಯಿತು. ಎರಡು ಸಲ ಕೆಮ್ಮಿದ. ಒಂದೊಂದು ಕೆಮ್ಮಿಗೂ ರೇಡಿಯೋ ಒಂದೊಂದು ಸಲ ಗೊರ್ ಅಂದಿತು. "ಏನಪ್ಪಾ ಅಂದ್ರೆ..."

"ಶ್!" ಅಂದಿತು ಇಡೀ ಅಂಗಳ.

ಚಿಕ್ಕಮಾರಯ್ಯನಾಗಿದ್ದರೆ ಇಷ್ಟು ಹೊತ್ತಿಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ರೇಡಿಯೋಗೆ ಎಲೆಅಡಿಕೆಯ ಚಟವಿಲ್ಲ. ಅದು ಮುಂದಿನ ಪದ್ಯ ಹಿಡಿದುಬಿಟ್ಟಿತ್ತು. ಅದರ ಕೊನೆಯಲ್ಲಿ ಓಬಳಯ್ಯ ಮತ್ತೆ ಕೆಮ್ಮಿದ. ಮತ್ತೆ ಗೊರ್, ಮತ್ತೆ ಶ್!

"ಕೆಮ್ಮಬೇಡ್ಲಾ!"

"ಅರ್ತ ಹೇಳ್ಬೇಡ ಅಂದ್ರೆ ನನ್ನ ಯಾಕ್ರಲಾ ಹೂತ್ರಿ?" ಎಂದು ಓಬಳಯ್ಯ ತಂತಿ ಬಿಚ್ಚಿ ಎಸೆದು, ಕೆಸರಿಂದ ಕಾಲು ಕಿತ್ತು ಮೇಲೆ ಬಂದ. ರೇಡಿಯೋ ಗೊರಗೊರ ಅಂದಿತು. ಗಮಕಿ ಸಾಸಿವೆಯೊಳಗೆ ಮುಳುಗಿಹೋದ.

ಆಗ ನಡೆದದ್ದನ್ನು ಓಬಳಯ್ಯ ಸಾಯುವ ತನಕ ಮರೆಯುವಂತಿರಲಿಲ್ಲ. ವೆಂಕಟರಂಗಯ್ಯ ಕುರ್ಚಿಯಿಂದ ಎದ್ದು, ಕೆಸರಿನ ತನಕ ನಡೆದು ಬಂದು, ಅವನ ಒದ್ದೆ ಕೈ ಹಿಡಿದ. "ಓಬಳಯ್ಯ, ನೀನಿಲ್ದೆ ಆಗಾಕಿಲ್ಲ ಕಣಯ್ಯ. ಇಳಿಯಪ್ಪ."

ಇಷ್ಟು ಶ್ರಾವಣಗಳಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಸದ್ದಿಲ್ಲದೆ ಇಳಿದ, ತಂತಿ ಹಿಡಿದ. ಕಂಠ ಮೇಲೆದ್ದಿತು. ಬಾಯಿ ಬಿಡದಿದ್ದರೇನು, ಕೆಮ್ಮು ಗಂಟಲಲ್ಲೇ ಗುದ್ದಾಡಿದರೇನು, ಈ ಪದ್ಯ ತನ್ನ ಮೈಯೊಳಗಿಂದಲೇ ಹಾಯ್ದು ಊರನ್ನು ತಲುಪುತ್ತಿದೆ ಅನ್ನಿಸಿತು. ಪುಟ್ಟತಾಯಮ್ಮ ಹೊಯ್ದ ನೀರು ಅವನಿಗೆ ಅಭಿಷೇಕದಂತೆ ಕಂಡಿತು.

ಅಷ್ಟರಲ್ಲಿ ಬಸ್ಸು ಬಂತು. ಮಲ್ಲಿಕಾರ್ಜುನ ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಬಂದವನು ಗುಂಡಿಯ ಮುಂದೆ ನಿಂತುಬಿಟ್ಟ. "ಇದೇನ್ರೀ ಇದು?"

"ಅರ್ತ," ಅಂದ ವೆಂಕಟರಂಗಯ್ಯ.

ನಗು ತಡೆಯಲಾರದೆ ಮಲ್ಲಿಕಾರ್ಜುನ ಬಾಳೆಗಿಡ ಹಿಡಿದುಕೊಂಡ. "ಇಂಗ್ಲಿಷಿನಲ್ಲಿ ಭೂಮಿಗೆ ಅರ್ತ್ ಅಂತಾರೆ ಸ್ವಾಮಿ! ಒಂದು ಕಬ್ಬಿಣದ ಕಂಬಿ ಇಳಿಸಿ, ತಂತಿ ಭೂಮಿ ಮುಟ್ಟೋ ಹಾಗೆ ಮಾಡಿ ಅಂದ್ರೆ, ಮನುಷ್ಯನ್ನ ನಾಟಿ ಮಾಡಿದೀರಲ್ಲ!"

ಓಬಳಯ್ಯನನ್ನು ಮೇಲೆತ್ತಿ, ಅದೇ ಗುಂಡಿಗೆ ಕಂಬಿ ಹೊಡೆದು, ತಂತಿ ಬಿಗಿದ. ಗಮಕಿಯ ಕಂಠ ಗಂಟೆಯಂತೆ ಮೊಳಗಿತು, ಪಕ್ಕದಲ್ಲೇ ಕೂತು ಓದುತ್ತಿರುವ ಹಾಗೆ. ಎಲ್ಲರೂ ಆ ಕಡೆ ತಿರುಗಿದರು. ಓಬಳಯ್ಯನ ಕಡೆ ಬೆನ್ನುಗಳು ಮಾತ್ರ ಉಳಿದವು.

ಪದ್ಯ ನಿಂತಿತು. ಓಬಳಯ್ಯ ನೆಟ್ಟಗೆ ನಿಂತ. ಈಗ ಬಿಡುವು ಸಿಕ್ಕಿತು! ಜರಿ ಪೇಟ ಹಿಂಡಿಕೊಂಡು, ಒಂದು ಸಲ ಕೆಮ್ಮಿ, ಎರಡನೆಯದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ರೇಡಿಯೋದೊಳಗೆ ಇನ್ನೊಬ್ಬ ಕೆಮ್ಮಿದ.

"ಈಗ ಈ ಪದ್ಯಗಳ ವ್ಯಾಖ್ಯಾನ," ಅಂದಿತು ಹೊಸ ದನಿ.

ಓಬಳಯ್ಯ ಎರಡು ಸಂಜೆ ಹೇಳುತ್ತಿದ್ದ ಅರ್ಥವನ್ನು ಆ ದನಿ ಒಂದು ತಾಂಬೂಲ ಮೆಲ್ಲುವಷ್ಟರಲ್ಲಿ ಹೇಳಿ ಮುಗಿಸಿತು. ಯಾರೂ ತೂಕಡಿಸಲಿಲ್ಲ.

"ಇಷ್ಟೇನಾ!" ಅಂದಳು ಪುಟ್ಟತಾಯಮ್ಮ.

ನಿಂಗಮ್ಮ ಒಣಗಿದ ಟವೆಲ್ಲು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಬಾಳೆಗಿಡದ ಹಿಂದಿನಿಂದ ಬಂದು, ಮಲ್ಲಿಕಾರ್ಜುನನ ಮೊಣಕೈ ಮೆಲ್ಲಗೆ ಮುಟ್ಟಿದ.

"ಅಪ್ಪಾ, ಆ ಕಂಬಿ ಕಿತ್ಬುಡು. ನಾನೇ ನಿಂತ್ಕತೀನಿ. ಶ್ರಾವಣ ಪೂರ್ತಿ ನಿಂತ್ಕತೀನಿ. ಬಾಯಿ ಬಿಡಾಕಿಲ್ಲ, ದೇವ್ರಾಣೆ."

ಮಲ್ಲಿಕಾರ್ಜುನ ಅವನನ್ನೊಮ್ಮೆ ನೋಡಿದ, ಕಂಬಿಯನ್ನೊಮ್ಮೆ ನೋಡಿದ.

"ಆಗಲ್ಲ ಸ್ವಾಮಿ," ಅಂದ. "ಕಂಬಿ ಕೆಮ್ಮಲ್ಲ."