ಕನ್ನಡಕದಂಗಡಿಯವರ ಎಂಟು ಸಾಲು

ಗಣಿತದ ಮೇಷ್ಟ್ರನ್ನು ಕಂಡರೆ ಅವಿಭಾಜ್ಯ ಸಂಖ್ಯೆಗಳೆಲ್ಲ ಎದ್ದು ನಿಂತು ಕೈಮುಗಿಯುತ್ತವೆ ಎಂಬ ಸುದ್ದಿಯನ್ನು ಹಬ್ಬಿಸಿದವರು ಸ್ವತಃ ಮೇಷ್ಟ್ರೇ. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಆ ಸಂಖ್ಯೆಗಳ ಪಾಠವನ್ನು ಅವರು ಮೂವತ್ತನಾಲ್ಕು ವರ್ಷ ಹೇಳಿದ್ದರು. ಶಾಲೆಯ ಗೋಡೆಗಳನ್ನು ಪರೀಕ್ಷೆಗೆ ಕೂರಿಸಿದ್ದರೆ ಅವೂ ಪಾಸಾಗುತ್ತಿದ್ದವು.

ಇಂಥ ಮೇಷ್ಟ್ರ ಮನೆಗೆ ಬೆಂಕಿ ಬಿದ್ದದ್ದು, ಗ್ರಂಥಾಲಯದಲ್ಲಿ ಹಿರಿಯರಿಗೆಂದು ಕಂಪ್ಯೂಟರ್ ತರಗತಿ ಶುರುವಾದ ಮೇಲೆ. (ಬೆಂಕಿ ಹೊಟ್ಟೆಯೊಳಗಿನದು, ನೀರು ಸುರಿದರೆ ಆರುವಂಥದ್ದಲ್ಲ.) ಕಲಿಯಲು ತಮಗೇನೂ ಬಾಕಿಯಿಲ್ಲವೆಂದು ಮೇಷ್ಟ್ರು ಮನೆಯಲ್ಲೇ ಉಳಿದರು, ಹೆಂಡತಿ ಸೇರಿದರು. ಒಂದು ಸಂಜೆ ಆಕೆ ಬಂದು, ಕೊಟ್ಟ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವ ಪ್ರೋಗ್ರಾಂ ಬರೆಯಲು ಕೊಟ್ಟಿದ್ದರೆಂದೂ, ಪಕ್ಕದ ಕುರ್ಚಿಯ ಕನ್ನಡಕದಂಗಡಿಯವರದ್ದು ಎಂಟೇ ಸಾಲಿನಲ್ಲಿ ಮುಗಿದು ಚಪ್ಪಾಳೆ ಬಿತ್ತೆಂದೂ ಹೇಳಿದರು.

ಮೇಷ್ಟ್ರಿಗೆ ಎಂಟು ಸಾಲು ಕೇಳಿಸಲಿಲ್ಲ, ಪಕ್ಕದ ಕುರ್ಚಿ ಕೇಳಿಸಿತು. ಗಣಿತವೆಂದರೆ ಹೆಂಡತಿ ತಮ್ಮ ಮುಖವನ್ನೇ ನೋಡಬೇಕು. ಈಗ ಆ ಪಟ್ಟವೇ ಜಾರುತ್ತಿತ್ತು.

“ಆ ಗಾಜು ಉಜ್ಜೋನಿಗೆ ಅವಿಭಾಜ್ಯದ ಗಂಧ ಏನು ಗೊತ್ತು? ನಾನು ಆರೇ ಸಾಲಲ್ಲಿ ಮುಗಿಸ್ತೀನಿ.”

“ಒಳ್ಳೆಯವರು ಕಣ್ರೀ. ದಿನಾ ನನ್ನ ಕನ್ನಡಕಾನೂ ಒರೆಸಿ ಕೊಡ್ತಾರೆ.”

ಒರೆಸಿ ಕೊಡುತ್ತಾರಂತೆ. ಮೇಷ್ಟ್ರಿಗೆ ಮೂರು ದಿನ ಊಟ ಸೇರಲಿಲ್ಲ. ಹೆಂಡತಿಯ ಪುಸ್ತಕವನ್ನು ಕದ್ದು ಓದಿ, ಆಕೆಯದೇ ಲ್ಯಾಪ್‌ಟಾಪಿನಲ್ಲಿ ಸೊಳ್ಳೆ ಹೊಸಕುವವರಂತೆ ಒಂದೊಂದೇ ಅಕ್ಷರ ಒತ್ತಿ, ಆರು ಸಾಲು ಬರೆದರು. (ಪರೀಕ್ಷಿಸಿ ನೋಡಲಿಲ್ಲ. ಪರೀಕ್ಷೆ ಏನಿದ್ದರೂ ವಿದ್ಯಾರ್ಥಿಗಳಿಗೆ.)

ನಾಲ್ಕನೆಯ ದಿನ ಲ್ಯಾಪ್‌ಟಾಪ್ ಹೊತ್ತು ತರಗತಿಗೇ ನುಗ್ಗಿ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಏಳನ್ನು ಒತ್ತಿದರು. ‘ಅವಿಭಾಜ್ಯವಲ್ಲ’ ಎಂದಿತು ಕಂಪ್ಯೂಟರ್. ಹದಿಮೂರು? ಅಲ್ಲ. ತೊಂಬತ್ತೇಳು? ಅದೂ ಅಲ್ಲ. ಬ್ರಹ್ಮಾಂಡದ ಅವಿಭಾಜ್ಯ ಸಂಖ್ಯೆಗಳೆಲ್ಲ ಹತ್ತೇ ನಿಮಿಷದಲ್ಲಿ ನಿರ್ವಂಶವಾದವು. ಯಾರೋ ಯಂತ್ರ ಕೆಡಿಸಿದ್ದಾರೆಂದು ಮೇಷ್ಟ್ರು ಕನ್ನಡಕದಂಗಡಿಯವರನ್ನು ದುರುಗುಟ್ಟಿ ನೋಡಿದರು. ಆ ಮನುಷ್ಯ ವಿನಯದಿಂದ, ಬೇಕಾದರೆ ಕಣ್ಣು ಪರೀಕ್ಷೆ ಮಾಡಿಕೊಡುತ್ತೇನೆ ಎಂದರು.

ಹೆಂಡತಿ ಬಗ್ಗಿ ಓದಿದರು. “ಯಾವುದರಿಂದ ಭಾಗವಾದ್ರೂ ಅವಿಭಾಜ್ಯವಲ್ಲ ಅಂತ ಹೇಳು ಅಂದಿದ್ದೀರಿ, ಸರಿ. ಆದ್ರೆ ಭಾಗಿಸೋಕೆ ಒಂದರಿಂದಲೇ ಶುರು ಮಾಡಿದ್ದೀರಲ್ರೀ. ಒಂದರಿಂದ ಭಾಗವಾಗದ ಸಂಖ್ಯೆ ಎಲ್ಲಿದೆ? ಎರಡರಿಂದ ಹೊರಡಬೇಕು, ಆ ಸಂಖ್ಯೆ ಬರೋಕೆ ಮುಂಚೆ ನಿಲ್ಲಬೇಕು.”

ಆಕೆಯೇ ಎರಡು ಕಡೆ ತಿದ್ದಿದರು. ಏಳಕ್ಕೆ ಹೋದ ಮಾನ ಮರಳಿತು. ಮೇಷ್ಟ್ರದ್ದು ಮರಳಲಿಲ್ಲ.

ಮನೆಯ ದಾರಿಯಲ್ಲಿ ಅರ್ಧ ಮೈಲಿ ನಡೆದ ಮೇಲೆ ಮೇಷ್ಟ್ರು ಕೇಳಿದರು: “ಇದನ್ನೂ ಅವನೇ ಹೇಳಿಕೊಟ್ನಾ?”

“ಅವರೆಲ್ಲಿ ಹೇಳಿಕೊಡ್ತಾರೆ? ಆ ಎಂಟು ಸಾಲೂ ನಾನು ಬರೆದಿದ್ದು. ಅವರು ಪಕ್ಕದಿಂದ ನೋಡ್ಕೊಂಡು ಇಳಿಸ್ಕೊಂಡ್ರು, ಅಷ್ಟೇ. ಇನ್ಮೇಲೆ ಹೊಟ್ಟೆ ಉರ್ಕೊಳ್ಳೋದಿದ್ರೆ ನನ್ನ ಮೇಲೇ ಉರ್ಕೊಳ್ಳಿ. ನಾನು ಮನೇಲೇ ಇರ್ತೀನಿ, ನಿಮಗೆ ಇಷ್ಟು ದೂರ ನಡೆಯೋ ಶ್ರಮ ತಪ್ಪುತ್ತೆ.”